ಹೊಗೆ ಒಬ್ಬರದು, ಕೆಮ್ಮು ಇನ್ನೊಬ್ಬರದು

ಕಳೆದ ಸಂಚಿಕೆಯಲ್ಲಿ ನಿಮಗೇ ಒಂದು ಪ್ರಶ್ನೆ ಹಾಕಿದ್ದೆ. ಬೇರೆಯವರು ಮಾಡಿದ ಕೆಲಸಕ್ಕೆ ನೀವು ದಂಡ ತೆತ್ತದ್ದುಂಟೇ? ಬೇರೆಯವರು ಪಟ್ಟ ಕಷ್ಟದಿಂದ ನಿಮಗೆ ಪುಕ್ಕಟೆ ಲಾಭ ಆದದ್ದುಂಟೇ? ಯಾವುದಿದ್ದರೂ ಬರೆಯಿರಿ ಅಂದಿದ್ದೆ. ಕಾಗದ ಬಂದಿವೆ, ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸಿದವರೂ ಇದ್ದಾರೆ. ದಂಡ ತೆತ್ತವರು ಬಹಳ ಜನ, ಲಾಭ ಆಯಿತೆಂದು ಒಪ್ಪಿಕೊಂಡವರು ಇಬ್ಬರೇ. ಪಠ್ಯಪುಸ್ತಕದಲ್ಲಿ ಇದಕ್ಕೆ 'ಬಾಹ್ಯತೆ' ಎಂಬ ಹೆಸರಿದೆ. ಬಾಗಲಕೋಟೆಯ ಕಾಲೇಜೊಂದರಲ್ಲಿ 31 ವರ್ಷ ಅರ್ಥಶಾಸ್ತ್ರ ಕಲಿಸಿದೆ, ಆ ಶಬ್ದ ಒಬ್ಬ ಹುಡುಗನ ತಲೆಯಲ್ಲೂ ನಿಂತದ್ದು ನಾನು ಕಾಣೆ. ಅದಕ್ಕೇ ಕೆಟ್ಟದ್ದಕ್ಕೆ 'ಬದಿಯ ಬಾಧೆ', ಒಳ್ಳೆಯದಕ್ಕೆ 'ಬದಿಯ ಬರಕತ್ತು' ಅಂತ ಹೇಳಿಕೊಡುತ್ತಿದ್ದೆ. ಇಲ್ಲೂ ಹಾಗೇ ಬರೆಯುತ್ತೇನೆ.

ಪ್ರಶ್ನೆ: ಅಕ್ಕೋರೇ, ನಂದು ಮುಧೋಳ ತಾಲೂಕಿನಾಗ 3 ಎಕರೆ ಹೊಲ. ಬದುವಿನ ಆಚೀಕಿನವ್ರು ಕಬ್ಬು ಕಡಿಸಿದ ಮರುದಿನಾನ ರವದಿಗೆ (ಹೊಲದಾಗ ಬಿದ್ದ ಕಬ್ಬಿನ ಒಣ ಎಲಿಗೆ) ಬೆಂಕಿ ಹಚ್ಚತಾರ. ಈ ಸಲ ಗಾಳಿ ನಮ್ಮ ಕಡೆ ತಿರುಗಿ 11 ಲಿಂಬಿ ಗಿಡ, ಎರಡು ಸುರುಳಿ ಡ್ರಿಪ್ ಪೈಪು ಸುಟ್ಟು ಹೋದವು. ನಮ್ಮವ್ವಗ ದಮ್ಮಿನ ತ್ರಾಸ ಐತಿ, ಮೂರು ರಾತ್ರಿ ಕೂತಽ ಕಳದಳು. ಕೇಳಾಕ ಹೋದ್ರ 'ನನ್ನ ಹೊಲ, ನನ್ನ ರವದಿ, ನಿಂದೇನ್ ಹೋತು' ಅಂದ್ರು. ಇಂಥವರಿಗೆ ಸರಕಾರ ದಂಡ ಹಾಕಬೇಕೋ ಬ್ಯಾಡೋ?

ತಮ್ಮಾ, ನಿಮ್ಮ ಕಾಗದ ಓದುತ್ತಿದ್ದಂತೆ ಜಮಖಂಡಿ ಹತ್ತಿರದ ನನ್ನ ತವರಿನ ಹೊಲ ಕಣ್ಣಿಗೆ ಕಟ್ಟಿತು. ರವದಿ ಸುಡುವುದನ್ನು ನಾನು ಬದುವಿನ ಮೇಲೆ ನಿಂತು ನೋಡಿದ್ದೇನೆ. ಒಂದು ಮೂಲೆಗೆ ಕಡ್ಡಿ ಗೀರಿದರೆ ಮೊದಲು ಚಿಟಚಿಟ ಅನ್ನುತ್ತದೆ, ಆಮೇಲೆ ತಗಡಿನ ಮೇಲೆ ಮಳೆ ಹೊಡೆದ ಸದ್ದು. ಆಳೆತ್ತರದ ಬೆಂಕಿ ಸಾಲಿನುದ್ದಕ್ಕೂ ನಡೆದುಕೊಂಡು ಹೋಗುತ್ತದೆ. ಹೊತ್ತು ಬಹಳ ಬೇಡ, ಎಕರೆ ಮುಗಿದೇ ಹೋಗುತ್ತದೆ. ಆದರೆ ಬೂದಿಯ ಕರಿ ಎಸಳುಗಳು ರಾತ್ರಿಯೆಲ್ಲ ಹಾರಾಡಿ, ಬೆಳಿಗ್ಗೆ ಎರಡು ಹೊಲದಾಚೆಯ ಮನೆಯ ಹಾಸಿಗೆ ಮೇಲೆ, ಒಣಹಾಕಿದ ಸೀರೆ ಮೇಲೆ, ಹಂಡೆಯ ನೀರಿನ ಮೇಲೆ ಕೂತಿರುತ್ತವೆ. ಮುಟ್ಟಿದರೆ ಪುಡಿ, ಒರೆಸಿದರೆ ಕರಿ ಗೆರೆ. ನನ್ನ ಅವ್ವ ಅದನ್ನು ಒರೆಸುತ್ತ 'ಸುಟ್ಟಾಂವ ಒಬ್ಬ, ತಿಕ್ಕಾಕಿ ಒಬ್ಬಾಕಿ' ಅನ್ನುತ್ತಿದ್ದಳು. ನಾನು ಮುಂದೆ ಕಾಲೇಜಿನಲ್ಲಿ ಕಲಿತದ್ದು ಆ ಮಾತಿನ ವಿಸ್ತಾರವೇ.

ನಿಮ್ಮ ನೆರೆಯವರು ಕೆಟ್ಟವರೆಂದು ನಾನು ಅನ್ನಲಾರೆ. ಅವರ ಲೆಕ್ಕ ನೋಡಿ. ಎಕರೆಗೆ ಮೂರ್ನಾಲ್ಕು ಟನ್ ರವದಿ ಬೀಳುತ್ತದೆ. ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಕಬ್ಬಿಗೆ ನೀರು ಹಾಯಿಸಲು ಅದು ಅಡ್ಡ. ಎತ್ತಿ ಬದಿಗೆ ಹಾಕಲು ಆಳು ಸಿಗುವುದಿಲ್ಲ, ಪುಡಿ ಮಾಡುವ ಯಂತ್ರಕ್ಕೆ ಬಾಡಿಗೆ ಕೊಡಬೇಕು. ಕಡ್ಡಿಪೆಟ್ಟಿಗೆಗೆ 2 ರೂಪಾಯಿ. ಅವರ ಪಾಲಿಗೆ ಸುಡುವುದು 2 ರೂಪಾಯಿಯ ಕೆಲಸ. ನಿಮ್ಮ 11 ಗಿಡ, ಪೈಪು, ಅವ್ವನ ಮೂರು ರಾತ್ರಿ ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಇಲ್ಲೊಂದು ಸಂಗತಿ ಇದೆ, ನಮ್ಮ ಭಾಗದ ಕಬ್ಬಿನ ರೈತರಿಗೆಲ್ಲ ಗೊತ್ತಿದ್ದದ್ದೇ. ಕಡಿಯುವ ಮೊದಲೇ ಕಬ್ಬಿಗೆ ಬೆಂಕಿ ಬಿದ್ದರೆ ಕಾರ್ಖಾನೆಯವರು ಬಿಲ್ಲಿನಲ್ಲಿ ಹಣ ಮುರಿದುಕೊಳ್ಳುತ್ತಾರೆ. ಯಾಕೆಂದರೆ ಸುಟ್ಟ ಕಬ್ಬಿನಲ್ಲಿ ಸಕ್ಕರೆ ಇಳುವರಿ ಕೆಡುತ್ತದೆ, ನಷ್ಟ ಅವರದ್ದು. ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚಿದರೆ ಒಂದು ರೂಪಾಯಿಯನ್ನೂ ಯಾರೂ ಮುರಿಯುವುದಿಲ್ಲ, ಯಾಕೆಂದರೆ ಈ ಸಲ ನಷ್ಟ ನಿಮ್ಮದು, ನಿಮ್ಮ ಅವ್ವನದು. ಅದೇ ಹೊಲ, ಅದೇ ಬೆಂಕಿ. ಬಿಲ್ಲು ಬರೆಯುವ ಕೈ ಇದ್ದವರಿಗೆ ಭರ್ತಿ ಸಿಕ್ಕಿತು, ಇಲ್ಲದವರಿಗೆ ಕೆಮ್ಮು ಸಿಕ್ಕಿತು.

ಕೇಂಬ್ರಿಜ್‌ನಲ್ಲಿ ಪಾಠ ಹೇಳುತ್ತಿದ್ದ ಆರ್ಥರ್ ಪಿಗೂ ಎಂಬ ಅರ್ಥಶಾಸ್ತ್ರಜ್ಞ 1920ರಲ್ಲಿ ಇದೇ ಮಾತು ಬರೆದ. ಅವನು ಕೊಟ್ಟ ಉದಾಹರಣೆಗಳಲ್ಲಿ ಒಂದು ನಿಮ್ಮದಕ್ಕೆ ತೀರಾ ಹತ್ತಿರ: ಉಗಿಬಂಡಿಯ ಕಿಡಿ ಹಾರಿ ಹಳಿ ಪಕ್ಕದ ಕಾಡು ಸುಡುತ್ತದೆ, ರೈಲಿನವರು ಅದಕ್ಕೆ ಏನೂ ತೆರುವುದಿಲ್ಲ. ತೆರುವುದಿಲ್ಲವಾದ್ದರಿಂದ ಕಿಡಿ ತಡೆಯುವ ಗೋಜಿಗೂ ಹೋಗುವುದಿಲ್ಲ. ಬದಿಯವರಿಗೆ ಆಗುವ ಹಾನಿಯಷ್ಟು ತೆರಿಗೆ ಹಾಕಿ, ಬದಿಯವರಿಗೆ ಆಗುವ ಒಳಿತಿನಷ್ಟು ಸಹಾಯಧನ ಕೊಡಿ, ಆಗ ಮಾಡುವವನ ಲೆಕ್ಕವೂ ಊರಿನ ಲೆಕ್ಕವೂ ಒಂದಾಗುತ್ತವೆ ಎಂದ. ನೂರು ವರ್ಷವಾದರೂ ಆ ಮಾತು ಹಳತಾಗಿಲ್ಲ.

ಹಾಗಾದರೆ ದಂಡ ಹಾಕಿಬಿಡೋಣವೇ? ಪಂಜಾಬ, ಹರಿಯಾಣದ ಕಡೆ ಭತ್ತದ ಕೂಳೆ ಸುಡುವವರಿಗೆ ದಂಡ ಇದೆ. 2024ರ ನವೆಂಬರಿನಲ್ಲಿ ಅದನ್ನು ದುಪ್ಪಟ್ಟು ಮಾಡಿದರು: 2 ಎಕರೆಗಿಂತ ಕಡಿಮೆ ಇದ್ದವರಿಗೆ 5,000, 2ರಿಂದ 5 ಎಕರೆಯವರಿಗೆ 10,000, ಅದಕ್ಕೂ ಮೇಲಿನವರಿಗೆ 30,000 ರೂಪಾಯಿ. ಆದರೆ ಒಂದೇ ಹಂಗಾಮಿನಲ್ಲಿ ಸಾವಿರಾರು ಹೊಲ ಹೊಗೆಯಾಡುವಾಗ ಯಾರ ಮನೆಗೆ ಅಂತ ಹೋಗುತ್ತಾರೆ? ಹೋದರೂ, ಸಾಲದಲ್ಲಿರುವವನ ಮುಂದೆ ನಿಂತು ವಸೂಲಿ ಮಾಡುವ ಗಟ್ಟಿತನ ಯಾವ ತಲಾಠಿಗೆ ಬರುತ್ತದೆ? ಸುಡದವರಿಗೆ ಕ್ವಿಂಟಲ್‌ಗೆ 100 ರೂಪಾಯಿ ಕೊಡಿ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಉಂಟು. ಬಹುಮಾನದ ದಾರಿಯಲ್ಲೂ ಒಂದು ಮುಳ್ಳಿದೆ. ಪಂಜಾಬಿನ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರು ಪರೀಕ್ಷೆ ಮಾಡಿ ನೋಡಿದ್ದಾರೆ. 'ಸುಡದಿದ್ದರೆ ಹಂಗಾಮು ಮುಗಿದ ಮೇಲೆ ಹಣ' ಅಂದಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಅದೇ ಹಣದಲ್ಲಿ ಸ್ವಲ್ಪವನ್ನು ಮೊದಲೇ, ಯಾವ ಕರಾರೂ ಇಲ್ಲದೆ ಕೈಗೆ ಕೊಟ್ಟಲ್ಲಿ ಸುಡುವುದು ಕಡಿಮೆಯಾಯಿತು. ಆಮೇಲೆ ಕೊಡ್ತೀವಿ ಅಂದವರು ಕೊಡುತ್ತಾರೆಂಬ ನಂಬಿಕೆ ರೈತರಿಗೆ ಇರಲಿಲ್ಲ, ಯಂತ್ರದ ಬಾಡಿಗೆಯನ್ನಂತೂ ಮೊದಲೇ ಕೊಡಬೇಕು. ಕಬ್ಬಿನ ಬಾಕಿಗಾಗಿ ತಿಂಗಳುಗಟ್ಟಲೆ ಕಾದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದಕ್ಕೆ ನನ್ನ ಮನಸ್ಸಿನಲ್ಲಿರುವುದು ಇಷ್ಟು. ಯಾವ ಹೊಲ ಯಾವ ದಿನ ಕಡಿದಿದೆ ಎಂಬುದು ಕಾರ್ಖಾನೆಯ ರಜಿಸ್ಟರಿನಲ್ಲಿ ಇರುತ್ತದೆ. ಫೀಲ್ಡ್‌ಮನ್‌ಗೆ ಪ್ರತಿ ಬದುವೂ ಗೊತ್ತು. ಹಾಗಿದ್ದ ಮೇಲೆ ಕಬ್ಬಿನ ಬಿಲ್ಲಿನಲ್ಲೇ ಒಂದು ಸಾಲು ಹೆಚ್ಚು ಬರೆಯಲಿ: ರವದಿ ಪುಡಿ ಮಾಡಿಸುವವರಿಗೆ ಯಂತ್ರದ ಬಾಡಿಗೆಯ ಒಂದು ಪಾಲು ಕಡಿತದ ವಾರವೇ, ಉಳಿದದ್ದು ಕೂಳೆ ಚಿಗುರಿದ ಮೇಲೆ. ಸರಕಾರ ಇದಕ್ಕೆ ಹಣ ಹಾಕಲಿ. ಅಷ್ಟು ಸೌಕರ್ಯ ಕೊಟ್ಟ ಮೇಲೂ ಸುಟ್ಟವರಿಗೆ ಅದೇ ಬಿಲ್ಲಿನಲ್ಲಿ ಮುರಿಯಲಿ.

ನಿಮ್ಮ ಗಿಡ ಮತ್ತು ಪೈಪಿನ ಮಾತೇ ಬೇರೆ. ಅದು ಸರಕಾರಕ್ಕೆ ಹೋಗಬೇಕಾದ ದಂಡವಲ್ಲ, ನಿಮಗೆ ಬರಬೇಕಾದ ಹಣ. ಫೋಟೋ ತೆಗೆದಿಟ್ಟುಕೊಳ್ಳಿ, ಪೈಪಿನ ರಸೀದಿ ಹುಡುಕಿ, ಊರಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋಗಿ ಕೇಳಿ. ಜೊತೆಗೆ, ಬರುವ ವರ್ಷ ಯಂತ್ರ ತರಿಸಿದರೆ ಬಾಡಿಗೆಯಲ್ಲಿ ಅರ್ಧ ನಾನು ಹಾಕುತ್ತೇನೆ, ಒಂದು ವರ್ಷಕ್ಕೆ ಮಾತ್ರ, ಅಂತ ಹೇಳಿ ನೋಡಿ. ತಪ್ಪು ಅವರದಿದ್ದು ಹಣ ನೀವು ಹಾಕುವುದು ನ್ಯಾಯವಲ್ಲ, ನನಗೆ ಗೊತ್ತಿದೆ. ಆದರೆ ನನ್ನ ತಮ್ಮನ ಹೊಲದಲ್ಲಿ ಸುಡುವುದು ನಿಂತದ್ದು ಹೀಗೆಯೇ. ಒಂದು ವರ್ಷ ಸಾಲು ಬಿಟ್ಟು ಸಾಲಿಗೆ ರವದಿ ಹೊದಿಸಿ ನೋಡಿದ. ಬೇಸಿಗೆಯಲ್ಲಿ ಅದನ್ನು ಸರಿಸಿ ಕೈ ಇಟ್ಟರೆ ಮಣ್ಣು ತಣ್ಣಗೆ, ಎರೆಹುಳು ಕಾಣುತ್ತಿದ್ದವು. ನೀರು ಹಾಯಿಸುವ ಸರದಿ ದೂರವಾಯಿತು. ಎರಡನೆಯ ವರ್ಷ ಅವನಿಗೆ ಯಾರೂ ಹಣ ಕೊಡಬೇಕಾಗಲಿಲ್ಲ.

ಪ್ರಶ್ನೆ: ಬನಹಟ್ಟಿಯಲ್ಲಿ ಹೋದ ವರ್ಷ ಮನೆ ಕಟ್ಟಿಸಿದೆವು. ಗೋಡೆಯಾಚೆ 6 ಪವರ್‌ಲೂಮ್ ಇವೆ. ರಾತ್ರಿ 11ರವರೆಗೂ ಖಟಖಟ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಮಗ್ಗದವರು 'ನಾವು 20 ವರ್ಷದಿಂದ ಇಲ್ಲೇ ಇದ್ದೇವೆ, ನೀವು ನಿನ್ನೆ ಬಂದವರು' ಅನ್ನುತ್ತಾರೆ. ನ್ಯಾಯ ಯಾರ ಕಡೆ ಇದೆ ಮೇಡಂ?

ಈ ಜಗಳ ಲಂಡನ್ನಿನಲ್ಲಿ ಆಗಿಹೋಗಿದೆ. ಒಬ್ಬ ಮಿಠಾಯಿ ಮಾಡುವವನು ತನ್ನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಒರಳು ಕುಟ್ಟುತ್ತಿದ್ದ. ಹಿಂದಿನ ಮನೆಗೆ ಬಂದ ವೈದ್ಯ ಸರಿಯಾಗಿ ಆ ಗೋಡೆಗೆ ತಾಗಿ ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದ. ಒರಳಿನ ಸದ್ದಿನಲ್ಲಿ ರೋಗಿಯ ಎದೆಬಡಿತ ಕೇಳುವುದಿಲ್ಲ ಎಂದು ಕೋರ್ಟಿಗೆ ಹೋದ. 1879ರಲ್ಲಿ ತೀರ್ಪು ವೈದ್ಯನ ಪರ ಆಯಿತು. ರೊನಾಲ್ಡ್ ಕೋಸ್ ಎಂಬ ಅರ್ಥಶಾಸ್ತ್ರಜ್ಞ 1960ರಲ್ಲಿ ಈ ಪ್ರಕರಣವನ್ನು ಮತ್ತೆ ಕೈಗೆತ್ತಿಕೊಂಡು ಒಂದು ಮಾತು ಕೇಳಿದ: ಮಿಠಾಯಿಯವನು ವೈದ್ಯನಿಗೆ ತೊಂದರೆ ಕೊಟ್ಟ, ನಿಜ, ಅವನ ಒರಳು ನಿಲ್ಲಿಸಿದರೆ ವೈದ್ಯ ಅವನಿಗೆ ತೊಂದರೆ ಕೊಟ್ಟಂತೆ ಆಗಲಿಲ್ಲವೇ? ಹಕ್ಕು ಯಾರದೆಂದು ಸ್ಪಷ್ಟವಿದ್ದು, ಕೂತು ಮಾತಾಡಲು ಹೆಚ್ಚು ಖರ್ಚಾಗದಿದ್ದರೆ, ಇಬ್ಬರೂ ಸೇರಿ ಕಡಿಮೆ ನಷ್ಟದ ದಾರಿಯನ್ನು ತಾವೇ ಹುಡುಕಿಕೊಳ್ಳುತ್ತಾರೆ ಎಂದ. 1991ರಲ್ಲಿ ಅವನಿಗೆ ನೊಬೆಲ್ ಬಂತು.

ನಿಮ್ಮ ಮನೆಯಲ್ಲಿ ಕಡಿಮೆ ನಷ್ಟದ ದಾರಿ ಯಾವುದು? ನನ್ನ ಓರಗಿತ್ತಿಯ ಮನೆ ರಬಕವಿಯಲ್ಲಿದೆ, ಪಕ್ಕದಲ್ಲಿ ಮಗ್ಗ. ಊಟಕ್ಕೆ ಕೂತರೆ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಬಳೆ ಏಳುತ್ತಿದ್ದವು. ಸದ್ದಿಗಿಂತ ನೆಲದ ನಡುಕವೇ ಹೆಚ್ಚು ಎಂದು ಅವರಿಗೆ ತಿಳಿದದ್ದು ಅದರಿಂದ. ಮಗ್ಗದ ಕಾಲಿಗೆ ದಪ್ಪ ರಬ್ಬರಿನ ತುಂಡು ಹಾಕಿಸಿದರು, ಅರ್ಧ ಖರ್ಚು ಇವರು ಕೊಟ್ಟರು. ನಡುಕ ಬಹಳ ಇಳಿಯಿತು. ನೀವೂ ಮೊದಲು ಅದನ್ನು ಮಾಡಿ, ಮಗಳ ಓದುವ ಜಾಗವನ್ನು ಆ ಗೋಡೆಯಿಂದ ಬದಲಿಸಿ. ಆಮೇಲೆ ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ರಾತ್ರಿ 9ಕ್ಕೆ ಮಗ್ಗ ನಿಲ್ಲಿಸಿ ಬೆಳಿಗ್ಗೆ ಬೇಗ ಶುರು ಮಾಡಲು ಆಗುತ್ತದೆಯೇ ಅಂತ ಕೇಳಿ. ಕೇಳುವಾಗ ಮಾಲೀಕರ ಜೊತೆ ನೇಯುವವರನ್ನೂ ಕೂರಿಸಿಕೊಳ್ಳಿ. ಅವರ ಕೂಲಿ ನೇಯ್ದಷ್ಟು ಬಟ್ಟೆಯ ಮೇಲೆ. ಎರಡು ತಾಸು ಮಗ್ಗ ನಿಂತರೆ ಹಣ ಹೋಗುವುದು ಅವರ ಕಿಸೆಯಿಂದ, ಅವರು ನಿಮ್ಮ ಮಾತುಕತೆಯಲ್ಲಿ ಇಲ್ಲದಿದ್ದರೆ ನಿಮ್ಮ ಒಪ್ಪಂದದ ಬಾಧೆ ಅವರ ಬದಿಗೆ ಬೀಳುತ್ತದೆ.

'ಮೊದಲು ಬಂದವರು' ಎಂಬ ಮಾತನ್ನು ನೀವೂ ಸ್ವಲ್ಪ ಗೌರವಿಸಿ. ಮಗ್ಗ ಇದ್ದದ್ದು ನೋಡಿಯೇ ಜಾಗ ಕೊಂಡಿರಿ. ಆದರೆ ರಾತ್ರಿ 10ರ ಮೇಲಿನ ನಿದ್ದೆ ಊರಿನ ಎಲ್ಲರದ್ದು. ಅದರಲ್ಲಿ ಮೊದಲು ಬಂದವರು, ಆಮೇಲೆ ಬಂದವರು ಎಂಬುದಿಲ್ಲ.

ಪ್ರಶ್ನೆ: ವಿಜಯಪುರದಲ್ಲಿ ಚಿಕ್ಕ ಶಿಶುವಿಹಾರ ನಡೆಸುತ್ತೇನೆ. ಮಕ್ಕಳನ್ನು 4ಕ್ಕೆ ಕರೆದೊಯ್ಯಬೇಕು, ದಿನಾ ನಾಲ್ಕೈದು ಪಾಲಕರು ತಡ ಮಾಡುತ್ತಾರೆ. 50 ರೂಪಾಯಿ ದಂಡ ಹಾಕಲೇ?

ಹಾಕಬೇಡಿ ತಂಗಿ. ಇಸ್ರೇಲಿನ ಹೈಫಾ ಊರಿನ 10 ಶಿಶುವಿಹಾರಗಳಲ್ಲಿ ಇದನ್ನೇ ಮಾಡಿ ನೋಡಿದ್ದಾರೆ, ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಅವುಗಳಲ್ಲಿ 6 ಕಡೆ ತಡವಾಗಿ ಬಂದವರಿಗೆ ಸಣ್ಣ ದಂಡ ಇಟ್ಟರು. ತಡ ಮಾಡುವವರು ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಇಮ್ಮಡಿಯಾದರು. ಅಲ್ಲಿಯವರೆಗೆ 'ಟೀಚರ್ ಕಾಯ್ತಿರ್ತಾರೆ' ಅಂತ ಓಡಿ ಬರುತ್ತಿದ್ದವರು ಈಗ ಹಣ ಕೊಟ್ಟೇ ಕೊಡುತ್ತೇವಲ್ಲ ಅಂತ ನಿಧಾನವಾದರು. ದಂಡ ತೆಗೆದ ಮೇಲೂ ಹಳೆಯ ಸಂಕೋಚ ವಾಪಸು ಬರಲಿಲ್ಲ. ನನಗೆ ಈ ಅಧ್ಯಯನದಲ್ಲಿ ಬಹಳ ನೋವು ಕೊಟ್ಟದ್ದು ಈ ಕೊನೆಯ ಸಂಗತಿ.

ನಿಮ್ಮ ಕಾಗದದ ಕೊನೆಗೆ ಇನ್ನೊಂದು ವಿಷಯ ಬರೆದಿದ್ದೀರಿ: ನಿಮ್ಮ ಆಯಾ ತಿಕೋಟಾದಿಂದ ಬರುತ್ತಾರೆ, ತಡವಾದ ದಿನ ಅವರ ಬಸ್ಸು ತಪ್ಪುತ್ತದೆ, ಮುಂದಿನ ಬಸ್ಸಿಗೆ ಹೋದರೆ ಮನೆ ಮುಟ್ಟುವಾಗ ಕತ್ತಲೆ. ಪಾಲಕರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆ? ಬರುವ ಶನಿವಾರ ಎಲ್ಲರನ್ನೂ ಕರೆದು ಆಯಾ ಅವರ ಬಾಯಿಂದಲೇ ಇದನ್ನು ಹೇಳಿಸಿ. ನೌಕರಿಯ ಕಾರಣಕ್ಕೆ ನಿಜವಾಗಿಯೂ 4ಕ್ಕೆ ಬರಲಾಗದ ತಾಯಂದಿರು ಇದ್ದರೆ, ಅವರಿಗೆ 5ರವರೆಗಿನ ಬೇರೆ ವ್ಯವಸ್ಥೆ ಮಾಡಿ, ಸರಿಯಾದ ಶುಲ್ಕ ತೆಗೆದುಕೊಳ್ಳಿ, ಆ ಹಣ ಆಯಾ ಕೈಗೆ ಹೋಗಲಿ.

ಪ್ರಶ್ನೆ: ಅಕ್ಕಾ, ಬಸವನಬಾಗೇವಾಡಿ ಕಡೆ ನಮ್ಮ ಸೂರ್ಯಕಾಂತಿ ಹೊಲದ ಪಕ್ಕ ಯಾರೋ ಜೇನುಪೆಟ್ಟಿಗೆ ಇಟ್ಟಿದ್ದರು. ಆ ವರ್ಷ ತೆನೆಯ ನಡುಮಧ್ಯದವರೆಗೂ ಕಾಳು ತುಂಬಿ ಬಂತು. ಅವರಿಗೆ ಏನಾದರೂ ಕೊಡಬೇಕಿತ್ತೇ? ನಾವು ಕೇಳಿರಲಿಲ್ಲ, ಅವರೂ ಕೇಳಲಿಲ್ಲ. ಆದರೂ ಮನಸ್ಸಿಗೆ ಹತ್ತಿಕೊಂಡಿದೆ.

ಬರಕತ್ತನ್ನು ನೆನೆದು ಬರೆದ ಇಬ್ಬರಲ್ಲಿ ನೀವೊಬ್ಬರು, ಅದಕ್ಕೆ ನಿಮಗೆ ಶರಣು. ಜೇಮ್ಸ್ ಮೀಡ್ ಎಂಬ ಅರ್ಥಶಾಸ್ತ್ರಜ್ಞ 1952ರಲ್ಲಿ ಸೇಬಿನ ತೋಟ ಮತ್ತು ಜೇನಿನ ಉದಾಹರಣೆ ಕೊಟ್ಟೇ ಇದನ್ನು ವಿವರಿಸಿದ. ಹೂವಿನಿಂದ ಜೇನಿಗೆ ಊಟ, ಜೇನಿನಿಂದ ತೋಟಕ್ಕೆ ಫಲ, ಯಾರೂ ಯಾರಿಗೂ ತೆರುವುದಿಲ್ಲ, ಸರಕಾರ ಸಹಾಯಧನ ಕೊಡಬೇಕಾದ ಜಾಗ ಇದು ಎಂದ. 1973ರಲ್ಲಿ ಸ್ಟೀವನ್ ಚಂಗ್ ಎಂಬಾತ ಅಮೆರಿಕದ ವಾಷಿಂಗ್ಟನ್ ರಾಜ್ಯದ ತೋಟಗಳಿಗೆ ಹೋಗಿ ವಿಚಾರಿಸಿದರೆ, ಅಲ್ಲಿ ತೋಟದವರೂ ಜೇನಿನವರೂ ಮೊದಲಿನಿಂದಲೇ ಕರಾರು ಮಾಡಿಕೊಂಡು ಪೆಟ್ಟಿಗೆಗೆ ಇಷ್ಟು ಬಾಡಿಗೆ ಅಂತ ಕೊಡುತ್ತಿದ್ದರು. ಹೊಲದವರಿಗೆ ಅರ್ಥಶಾಸ್ತ್ರಜ್ಞರಿಗಿಂತ ಮೊದಲೇ ಉತ್ತರ ಗೊತ್ತಿತ್ತು.

ನಿಮಗಾದ ಲಾಭ ಎಷ್ಟೆಂದು ಅಂದಾಜು ಮಾಡಲು ಒಂದು ದಾರಿ ಇದೆ. ಜೇನು ಕಡಿಮೆ ಇದ್ದ ಕಡೆ ಹೂ ಅರಳಿದ ದಿನಗಳಲ್ಲಿ ಬೆಳಿಗ್ಗೆ ಕೈಗೆ ಮೆತ್ತನೆ ಬಟ್ಟೆ ಸುತ್ತಿಕೊಂಡು ಒಂದೊಂದೇ ತೆನೆಯನ್ನು ಸವರುತ್ತ ಹೋಗಬೇಕು, ಒಂದು ದಿನ ಬಿಟ್ಟು ಒಂದು ದಿನ. ಬಟ್ಟೆ ಅರಿಷಿನದ ಹಾಗೆ ಹಳದಿಯಾಗುತ್ತದೆ, ಮೊಣಕೈವರೆಗೂ ಪರಾಗ. ಆ ಕೆಲಸಕ್ಕೆ ನಿಮ್ಮ ಊರಿನಲ್ಲಿ ಹೆಣ್ಣಾಳಿಗೆ ಎಷ್ಟು ಕೂಲಿ, ಎಷ್ಟು ದಿನ? ಆ ಮೊತ್ತವನ್ನು ಜೇನು ನಿಮಗೆ ಉಳಿಸಿಕೊಟ್ಟಿತು.

ಹಣ ಕೊಟ್ಟರೆ ಒಳ್ಳೆಯದೇ. ಎಕರೆಗೆ ಎರಡು ಪೆಟ್ಟಿಗೆ ಇಡಿ, ಇಷ್ಟು ಕೊಡುತ್ತೇನೆ ಅಂತ ಬರುವ ವರ್ಷ ನೀವೇ ಕರೆಯಿರಿ. ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇದೆ: ಹೂ ಇರುವಾಗ ಔಷಧ ಹೊಡೆಯಬೇಡಿ. ಹೊಡೆಯಲೇಬೇಕಾದರೆ ಜೇನು ಗೂಡಿಗೆ ಮರಳಿದ ಸಂಜೆ ಹೊಡೆಯಿರಿ, ಪೆಟ್ಟಿಗೆಯವರಿಗೆ ಹಿಂದಿನ ದಿನವೇ ಫೋನ್ ಮಾಡಿ. ಬೇವಿನ ನೆರಳಿನಲ್ಲಿ ಪೆಟ್ಟಿಗೆಗೆ ಜಾಗ, ಹತ್ತಿರ ಒಂದು ಬುಟ್ಟಿಯಷ್ಟು ನೀರು, ಅದರಲ್ಲಿ ನಾಲ್ಕು ಕಲ್ಲು. ಕಲ್ಲಿಲ್ಲದಿದ್ದರೆ ಜೇನು ಮುಳುಗುತ್ತವೆ.

ಪ್ರಶ್ನೆ: ಕಾಲುವೆಯ ಮೇಲ್ಭಾಗದವರು ಹೊಲಕ್ಕೆ ರಾತ್ರಿಯಿಡೀ ನೀರು ಬಿಟ್ಟು ಮಲಗುತ್ತಾರೆ. ಕೆಳಗಿರುವ ನಮ್ಮ ಹೊಲ ಉಪ್ಪೇರಿ, ನೀರು ನಿಂತು ಸವಳು ಜವಳಾಗಿ ಹೋಯಿತು. (ಅಥಣಿಯ ಓದುಗರು)

ಕಾಲುವೆ ನೀರಿನ ಕರವನ್ನು ಎಕರೆ ಮತ್ತು ಬೆಳೆ ನೋಡಿ ಹಾಕುತ್ತಾರೆ, ಹರಿಸಿದ ನೀರನ್ನು ಅಳೆದು ಹಾಕುವುದಿಲ್ಲ. ಮಿತವಾಗಿ ಬಳಸಿದವನಿಗೂ ರಾತ್ರಿಯಿಡೀ ಬಿಟ್ಟವನಿಗೂ ಒಂದೇ ಕರ. ಹಾಗಿರುವಾಗ ಏಳುವ ಮನಸ್ಸು ಯಾರಿಗೆ ಬರುತ್ತದೆ? ಅಳತೆ ಮಾಡಿ ಕರ ಹಾಕುವ ದಿನ ಬರಬೇಕು, ಅದಕ್ಕಾಗಿ ನೀರು ಬಳಕೆದಾರರ ಸಂಘದ ಸಭೆಯಲ್ಲಿ ಒತ್ತಾಯಿಸಿ. ಅಲ್ಲಿಯವರೆಗೆ ಉಳಿದಿರುವ ದಾರಿ ಬಸಿಗಾಲುವೆ. ಅದು ಒಬ್ಬರೇ ಮಾಡುವ ಕೆಲಸವಲ್ಲ. ಬಸಿದ ನೀರು ಹಳ್ಳ ಮುಟ್ಟುವವರೆಗೆ ಕೆಳಗಿನ ಎಲ್ಲರ ಹೊಲ ದಾಟಬೇಕು, ಒಬ್ಬರು ಬೇಡವೆಂದರೂ ಎಲ್ಲ ನಿಂತುಹೋಗುತ್ತದೆ. ಖರ್ಚಿನ ಹೆಚ್ಚಿನ ಪಾಲು ಮೇಲಿನವರು ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ನೀರು ಅವರದ್ದು, ಉಪ್ಪು ನಿಮ್ಮ ಪಾಲಿಗೆ ಬಂದಿದೆ.

ಪ್ರಶ್ನೆ: ತೆರಿಗೆ, ತೆರಿಗೆ ಅನ್ನುತ್ತೀರಿ. ಎಲ್ಲ ಹೋಗಿ ಸರಕಾರದ ಖಜಾನೆಗೆ ಬೀಳುತ್ತದೆ, ಕೆಮ್ಮುವವನಿಗೆ ಏನು ಸಿಕ್ಕಿತು? (ಗೋಕಾಕ)

ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ನಮ್ಮ ದೇಶದಲ್ಲಿ 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿದರು, ಶುದ್ಧ ಇಂಧನಕ್ಕೆ ಬಳಸುತ್ತೇವೆ ಎಂದು. 2016ರ ಹೊತ್ತಿಗೆ ಅದು 400 ಆಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಹಣದ ದಾರಿಯೇ ಬದಲಾಗಿ, ರಾಜ್ಯಗಳ ತೆರಿಗೆ ನಷ್ಟ ತುಂಬಿಕೊಡುವ ಸೆಸ್ ಆಯಿತು. ಹೊಗೆಯ ಹೆಸರಿನಲ್ಲಿ ಎತ್ತಿದ್ದು ಹೊಗೆ ಕುಡಿದವರ ಕಡೆ ತಿರುಗಲಿಲ್ಲ. ಐರ್ಲೆಂಡಿನಲ್ಲಿ 2002ರಲ್ಲಿ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ಕರ ಹಾಕಿದರು, ಚೀಲದ ಬಳಕೆ ಸುಮಾರು 90 ಪ್ರತಿಶತ ಇಳಿಯಿತು, ಬಂದ ಹಣವನ್ನು ಪರಿಸರದ ನಿಧಿಗೇ ಹಾಕಿದರು. ಯಾವುದಕ್ಕೆಂದು ಎತ್ತಿದ್ದರೋ ಅದಕ್ಕೇ ಹೋಗುವುದು ಕಂಡರೆ ಜನ ತೆರಲು ಹಿಂಜರಿಯುವುದಿಲ್ಲ. ಬೇರೆ ತೆರಿಗೆಯ ಬಗ್ಗೆ ನಾನು ವಾದಿಸಲಾರೆ, ಈ ಬಗೆಯ ತೆರಿಗೆ ಎಲ್ಲಿಗೆ ಹೋಯಿತು ಎಂಬ ಲೆಕ್ಕ ಊರಿನ ಫಲಕದ ಮೇಲೆ ಬರೆದಿರಬೇಕು.

ಪ್ರಶ್ನೆ: ಬೆಳಗಾವಿಯ ನಮ್ಮ ಓಣಿಯಲ್ಲಿ ಮೆರವಣಿಗೆಯ ಡಿಜೆ. ಕಿಟಕಿ ಗಾಜು ನಡುಗುತ್ತದೆ, ಮನೆಯಲ್ಲಿ ಬಾಣಂತಿ ಇದ್ದಾಳೆ. ಡಿಜೆಗೂ ಒಂದು ತೆರಿಗೆ ಹಾಕಬಾರದೇ?

ಬೇಡವೇ ಬೇಡ. ಹಣ ಕೊಟ್ಟು ಕೂಸಿನ ಕಿವಿ ಕೆಡಿಸುವ ಹಕ್ಕು ಯಾರಿಗೂ ಸಿಗಬಾರದು. 2000ದ ಶಬ್ದ ಮಾಲಿನ್ಯ ನಿಯಮ ಸ್ಪಷ್ಟವಿದೆ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ, ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ಹಬ್ಬಗಳಿಗೆ ರಾಜ್ಯ ಸರಕಾರ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅಷ್ಟೇ. 10 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ 10 ಪಟ್ಟು ಏರಿದಂತೆ, ಇದನ್ನು ಮಂಡಳದ ಹುಡುಗರಿಗೆ ತಿಳಿಸಿ ಹೇಳಿ. ಹಬ್ಬಕ್ಕೆ ಮೊದಲೇ ಹೋಗಿ ಬಾಣಂತಿ ಇದ್ದಾಳೆ ಅಂತ ಹೇಳಿದರೆ ನಿಮ್ಮ ಮನೆ ದಾಟುವವರೆಗೆ ಡೋಲು, ಝಾಂಜಿಗೆ ಇಳಿಯುವ ಒಳ್ಳೆಯ ಹುಡುಗರೂ ಇರುತ್ತಾರೆ.

ಪ್ರಶ್ನೆ: ಮೇಡಂ, ನಾನು ಮುಳುಗಡೆಯಾದವರಿಗೆಂದು ಕಟ್ಟಿದ ನವನಗರದ ಬಿ.ಎ. ವಿದ್ಯಾರ್ಥಿನಿ. ನಮ್ಮ ಅಜ್ಜಿಯ ಮನೆ ಹಳೆ ಬಾಗಲಕೋಟೆಯಲ್ಲಿ ಹಿನ್ನೀರಿಗೆ ಹೋಯಿತು. ಆಲಮಟ್ಟಿ ಅಣೆಕಟ್ಟಿನ ನೀರಿನಿಂದ ಲಕ್ಷಗಟ್ಟಲೆ ಎಕರೆ ಹಸಿರಾಗಿದೆ, ಅಜ್ಜಿಗೆ ಪರಿಹಾರವೂ ಸಿಕ್ಕಿದೆ. ಅಂದ ಮೇಲೆ ಲೆಕ್ಕ ಚುಕ್ತಾ ಆದಂತೆ ಅಲ್ಲವೇ? ಅಜ್ಜಿ ಮಾತ್ರ ಇನ್ನೂ ಅಳುತ್ತಾಳೆ.

ಮಗಳೇ, ನಮ್ಮ ಮನೆಯೂ ಅದೇ ನೀರಿನ ಕೆಳಗಿದೆ. ಅಳತೆಗೆ ಬಂದ ದಿನ ನಾನು ಹೊಸ್ತಿಲಲ್ಲೇ ನಿಂತಿದ್ದೆ. ಟೇಪು ಹಿಡಿದು ಉದ್ದ, ಅಗಲ ಬರೆದರು. ಗೋಡೆ ಮಣ್ಣಿನದೋ ಕಲ್ಲಿನದೋ ಬರೆದರು. ಬಾಗಿಲು, ಜಂತಿ, ಹಿತ್ತಲಿನ ಬೇವು ಬರೆದರು. ಹೋಗುವಾಗ ಕೆಂಪು ಬಣ್ಣದಲ್ಲಿ ಗೋಡೆಗೆ ಒಂದು ನಂಬರ್ ಹಾಕಿದರು, ಅದು ಇಳಿದು ಕಟ್ಟೆಯ ಮೇಲೆ ಎರಡು ಹನಿ ಬಿತ್ತು. ನನ್ನ ಅತ್ತೆ ಆ ಹನಿ ಒರೆಸಿದರು, ಒಂದು ವರ್ಷದಲ್ಲಿ ನೀರಿಗೆ ಹೋಗುವ ಕಟ್ಟೆಯನ್ನು. ಆ ಕಟ್ಟೆಯ ಮೇಲೆ ದಿನಾ ಸಂಜೆ ಎದುರು ಮನೆಯ ಮುಸ್ಲಿಂ ಅಜ್ಜಿ, ಪಕ್ಕದ ನೇಕಾರರ ಸೊಸೆ, ನನ್ನ ಅತ್ತೆ ಕೂತು ಅವರೆ ಸುಲಿಯುತ್ತಿದ್ದರು. ನನ್ನ ಇಬ್ಬರು ಮಕ್ಕಳಿಗೆ ಮೊದಲ ನೀರು ಎರೆದದ್ದು ಆ ಮುಸ್ಲಿಂ ಅಜ್ಜಿ. ನವನಗರದಲ್ಲಿ ಮೂವರಿಗೂ ಮೂರು ಬೇರೆ ಸೆಕ್ಟರ್. ಬರೆದುಕೊಂಡು ಹೋದ ಪಟ್ಟಿಯಲ್ಲಿ ಕಟ್ಟೆಯ ಕಲ್ಲಿಗೆ ಬೆಲೆ ಇತ್ತು. ನಿಮ್ಮ ಅಜ್ಜಿ ಅಳುವುದು ಪಟ್ಟಿಯಲ್ಲಿ ಇಲ್ಲದ್ದಕ್ಕೆ.

ಇನ್ನೊಂದು ಕಡೆಯೂ ಹೇಳಬೇಕು. ಶಹಾಪುರದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ತನ್ನ ಹೊಲಕ್ಕೆ ಕರೆದೊಯ್ದ. ನಾರಾಯಣಪುರದ ಕಾಲುವೆ ನೀರು, ಕಣ್ಣು ಹಾಯುವಷ್ಟು ದೂರ ಭತ್ತ. ಅವನಪ್ಪ ಪ್ರತಿ ಬೇಸಿಗೆ ದುಡಿಯಲು ಗುಳೆ ಹೋಗುತ್ತಿದ್ದರಂತೆ, ನೀರು ಬಂದ ಮೇಲೆ ಹೋಗಿಲ್ಲ. ಕಾಲುವೆಯ ದಂಡೆಯಲ್ಲಿ ಬಗ್ಗಿ ಆ ನೀರನ್ನು ಮುಟ್ಟಿದೆ. ನಮ್ಮ ಓಣಿಯ ಮೇಲಿಂದ ಹರಿದು ಬಂದ ನೀರು ಅದು. ಅಣೆಕಟ್ಟು ಬೇಡವಿತ್ತು ಅಂತ ನನ್ನ ಬಾಯಿಂದ ಅಂದು ಬರಲಿಲ್ಲ, ಇಂದೂ ಬರುವುದಿಲ್ಲ.

ಆದರೆ ಅವರ ಬರಕತ್ತು ಪ್ರತಿ ವರ್ಷ ಬರುವಂಥದ್ದು, ನಮ್ಮ ಪರಿಹಾರ ಒಂದೇ ಸಲ ಬಂದು ಮುಗಿದದ್ದು. ನನ್ನ ತಕರಾರು ಇದೊಂದೇ. ಕಾಲುವೆಯ ನೀರಿನ ಕರದಲ್ಲಿ ಒಂದು ಸಣ್ಣ ಪಾಲು, ನೀರು ಹರಿಯುವಷ್ಟು ವರ್ಷ, ಮುಳುಗಿದ ಊರುಗಳ ಮಕ್ಕಳ ಓದಿಗೆ, ಮುದುಕರ ಔಷಧಕ್ಕೆ ಬರಬೇಕು. ಹೊಲದವರಿಗೂ ತಮ್ಮ ನೀರು ಯಾರ ಮನೆಯ ಮೇಲಿಂದ ಬಂತು ಎಂಬುದು ಆ ರಸೀದಿಯಲ್ಲಿ ಕಾಣಬೇಕು. ಇದು ಹಳೆಯ ಕಥೆ ಎಂದುಕೊಳ್ಳಬೇಡ. ಈಗ ನೀರು ನಿಲ್ಲುವುದು 519.60 ಮೀಟರಿಗೆ. ಅದನ್ನು 524.256ಕ್ಕೆ ಏರಿಸಿದರೆ ಇನ್ನೂ 20 ಹಳ್ಳಿ, ಬಾಗಲಕೋಟೆಯ 11 ವಾರ್ಡು ಹೋಗುತ್ತವೆ. ಮತ್ತೆ ಟೇಪು ಹಿಡಿದು ಬರುತ್ತಾರೆ.

ನೀನು ಓದಿದವಳು, ಒಂದು ಕೆಲಸ ಮಾಡು. ಅಜ್ಜಿಯ ಹತ್ತಿರ ಕೂತು ಆ ಓಣಿಯ ನಕ್ಷೆ ಬರೆ: ಯಾರ ಮನೆಗೆ ತಾಗಿ ಯಾರ ಮನೆ ಇತ್ತು, ಯಾರು ಯಾರ ಕಟ್ಟೆಯ ಮೇಲೆ ಕೂರುತ್ತಿದ್ದರು, ಈಗ ಯಾರು ಯಾವ ಸೆಕ್ಟರಿನಲ್ಲಿದ್ದಾರೆ. ಮುಂದೆ ಏಳಬೇಕಾದ ಹಳ್ಳಿಯವರು ಓಣಿಗೆ ಓಣಿಯೇ ಒಟ್ಟಿಗೆ ಜಾಗ ಕೊಡಿ ಅಂತ ಕೇಳುವಾಗ ಅಂಥ ನಕ್ಷೆ ಕೈಯಲ್ಲಿರಬೇಕು. ಬರೆದಾದ ಮೇಲೆ ನನಗೂ ಒಂದು ಪ್ರತಿ ಕಳಿಸು. ಅಜ್ಜಿಯ ಓಣಿ ಯಾವುದು ಅಂತ ನೀನು ಬರೆದಿಲ್ಲ. ನಮ್ಮ ಓಣಿಯವರೇ ಇದ್ದರೂ ಇರಬಹುದು.